ನಿಂತ ನೀರಿಗೊಂದು ಹೆಬ್ಬೆಟ್ಟು

"ಕುರಿ ಹಿಕ್ಕಿ ತಿನಿಸಿ ಮೀನ ಸಾಕ್ತೀರೇನ್ಲೇ, ಹೊಲಸ ಸೂಳಿಮಕ್ಕಳ್ರ್ಯಾ! ಮೂಗ ಐತೋ ಇಲ್ಲೋ ನಿಮಗ? ಊರಿಗೂರ ನಾರಾಕತ್ತೈತಿ!"

ಶಿವಕುಮಾರ ಸಾವುಕಾರ ಒಡ್ಡಿನ ಮೇಲೆ ನಿಂತು ಒದರುತ್ತಿದ್ದ. ಮೂಗಿಗೆ ಕರವಸ್ತ್ರ ಒತ್ತಿ ಹಿಡಿದಿದ್ದರಿಂದ ಅರ್ಧ ಬೈಗುಳ ಬಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೊರಬಿದ್ದ ಅರ್ಧವೇ ಅಂಬಿಗರ ಕೇರಿಯ ಇಪ್ಪತ್ತೆರಡು ಮನೆಗೆ ಹಂಚಿದರೂ ಮಿಗುವಷ್ಟಿತ್ತು. ಕೆಳಗೆ ತೊಡೆಮಟ್ಟ ನೀರಿನಲ್ಲಿ ಭರಮವ್ವ ಕಚ್ಚೆ ಬಿಗಿದು ಸತ್ತ ಮೀನು ಬುಟ್ಟಿಗೆ ತುಂಬುತ್ತಿದ್ದಳು. ಕಾಟ್ಲಾ, ರೋಹು, ಜಿಲೇಬಿ, ಬೆರಳುದ್ದದ ಮರಿ, ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅವಳ ಹಿಂದೆ ಸೊಸೆ ಸುಜಾತಾ, ಅವಳಾಚೆ ಕೇರಿಯ ಹೆಂಗಸರು, ಗಂಡಸರು, ಎಲ್ಲರೂ ಬಗ್ಗಿ ಅದೇ ಕೆಲಸ ಮಾಡುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ.

"ಏ ಭರಮಿ! ನಿನಗ ಹೇಳಾಕತ್ತೇನಿ. ಮೀನಗಾರ್ರ ಸಂಘಕ್ಕ ಹಿರೇಮಣಿ ನೀನ ಅಲ್ಲ? ಕಿವ್ಯಾಗ ರಾಡಿ ಹೊಕ್ಕೈತೇನ?"

"ಕೇಳಾಕತ್ತೈತ್ರಿ ಸಾವುಕಾರ್ರ."

"ಕೇಳಿದ್ರ ಇದನ್ನೂ ಕೇಳ. ನಾಳಿ ಆಫೀಸಿಗಿ ಹೋಗ. ಸಾಹೇಬ್ರ ಕಾಗದ ತಯಾರ ಮಾಡ್ಯಾರ. ಹೆಬ್ಬಟ್ಟ ಒತ್ತಿ ಈ ಕೊಳ್ಳ ಬಿಟ್ಟ ಹೋಗ್ರಿ. ಇನ್ನ ಮ್ಯಾಲ ಇದರಾಗ ನಿಮ್ಮ ಬಲಿ ಬಿತ್ತಂದ್ರ ಕಾಲ ಮುರದ ಕೈಯಾಗ ಕೊಡ್ತೇನಿ."

ಕರವಸ್ತ್ರ ಸರಿಸಿ ನೀರಿಗೆ ಕ್ಯಾಕರಿಸಿ ಉಗುಳಿ ಅವನು ಜೀಪು ಹತ್ತಿದ. ಉಗುಳು ಭರಮವ್ವನಿಂದ ಎರಡು ಮೊಳ ದೂರದಲ್ಲಿ ಬಿತ್ತು. ಬಿದ್ದಲ್ಲೇ ನಿಂತಿತು, ಅತ್ತಿತ್ತ ಹೊರಳಲಿಲ್ಲ. ನೀರು ಅಷ್ಟು ಸತ್ತಿತ್ತು.

ಭರಮವ್ವನಿಗೆ ಬಾಯಿ ಇರಲಿಲ್ಲವೆಂದಲ್ಲ. ಯಮಕನಮರಡಿಯ ಸಂತೆಯಲ್ಲಿ ಮೀನಿನ ಕಿವಿರು ಹಿಸುಕಿ "ತಾಜಾ ಐತೇನ?" ಎಂದು ಕೇಳಿದವರಿಗೆ ಅವಳು ಕೊಡುವ ಉತ್ತರಕ್ಕೆ ಬಸ್ ಡ್ರೈವರುಗಳೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇವತ್ತು ಆ ನಾಲಿಗೆ ಏಳಲಿಲ್ಲ. ಯಾಕೆಂದರೆ ಸಾವುಕಾರ ನಿಂತು ಉಗುಳಿದನಲ್ಲ, ಆ ಒಡ್ಡು, ಅದಕ್ಕೆ ಜಾಗ ತೋರಿಸಿದವಳು ಅವಳೇ. ಅದು ನೆನಪಾದಾಗಲೆಲ್ಲ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಘಟಪ್ರಭೆಯ ಹಿನ್ನೀರು ಎರಡು ಗುಡ್ಡಗಳ ಸಂದಿಯಲ್ಲಿ ಒಂದು ಮೈಲಿ ಒಳಗೆ ನುಗ್ಗಿ ನಿಂತ ಜಾಗ ಈ ಕೊಳ್ಳ. ಒಳಗೆ ಅಗಲ, ಬಾಯಿ ಮಾತ್ರ ಸಣ್ಣದು. ಡ್ಯಾಮು ಕಟ್ಟಿದಾಗ ಹಳೆಯ ಊರು ಮುಳುಗಿತು. ಕೈಯಲ್ಲಿ ಭೂಮಿಯ ಉತಾರ ಇದ್ದವರಿಗೆ ಬೇರೆ ಕಡೆ ಹೊಲ ಸಿಕ್ಕಿತು. ಕೈಯಲ್ಲಿ ಬಲೆ ಇದ್ದವರಿಗೆ "ಅಕೋ, ಅಷ್ಟು ನೀರೈತಲ್ಲ, ತಗೋರಿ" ಎಂದರು. ತಗೊಂಡರು. ಲಾರಿಯ ಟ್ಯೂಬಿಗೆ ಗಾಳಿ ತುಂಬಿ, ಅದರ ಮೇಲೆ ಕಾಲು ಇಳಿಬಿಟ್ಟು ಕೂತು, ಬಲೆ ಬಿಟ್ಟು, ಎರಡು ತಲೆಮಾರು ಬದುಕಿದರು.

ಕೊಳ್ಳದಲ್ಲಿ ಮೀನು ತಾನಾಗಿ ಕೊಬ್ಬುತ್ತದೆ ಅಂತ ತಿಳಿದವರು ತಿಳಿದಿರಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೊಳ್ಳದ ತಳ ಬಿರುಕು ಬಿಟ್ಟು ಬಯಲಾಗುತ್ತದೆ. ಆಗ ಮೂಡಲಗಿ ಕಡೆಯಿಂದ ಮಾಲಿಂಗಪ್ಪನ ಕುರಿಹಿಂಡು ಬರುತ್ತದೆ. ದಾರಿಯಲ್ಲಿ ದೊಡ್ಡ ದೊಡ್ಡ ಹೊಲದವರು ಗೊಬ್ಬರದ ಆಸೆಗೆ, ರಾತ್ರಿ ಹಿಂಡನ್ನು ನಮ್ಮಲ್ಲಿ ತರುಬಿಸು, ನಮ್ಮಲ್ಲಿ ತರುಬಿಸು ಎಂದು ಅವನ ಕೈಕಾಲು ಹಿಡಿಯುತ್ತಾರೆ. ಅವನು ಹದಿನೈದು ರಾತ್ರಿ ಮಾತ್ರ ಈ ಕೊಳ್ಳದ ತಳಕ್ಕೇ ಮೀಸಲಿಡುತ್ತಾನೆ. ಭರಮವ್ವ ಅರಿಷಿಣ ಕಲಸಿದ ನೀರು ಒಯ್ದು ಹಿಂಡಿನ ಮುಂದಾಳು ಟಗರಿನ ಕಾಲು ತೊಳೆಯುತ್ತಾಳೆ. ಮುಂದೆ ಮೊದಲ ಬಲೆಯ ಮೀನು ಕುರಿಗಾರನ ಬಿಡಾರಕ್ಕೆ ಹೋಗುತ್ತದೆ. ಕೊಡುವವರು ಕೇಳುವುದಿಲ್ಲ, ತಗೊಳ್ಳುವವರು ಹೇಳುವುದಿಲ್ಲ, ಹಾಗೇ ನಡೆದು ಬಂದದ್ದು.

ಮಳೆ ಹಿಡಿದು ಹೊಸ ನೀರು ಏರಿದಾಗ ತಳದ ಹಿಕ್ಕಿ ಕರಗಿ ನೀರು ತಿಳಿಹಸಿರಾಗುತ್ತದೆ. ಆ ಹಸಿರನ್ನು ಕಣ್ಣಿಗೆ ಕಾಣದ ಹುಳ ತಿನ್ನುತ್ತದೆ, ಹುಳವನ್ನು ಮರಿ ತಿನ್ನುತ್ತದೆ. ನಲವತ್ತು ದಿನ ಯಾರೂ ಬಲೆ ಮುಟ್ಟುವುದಿಲ್ಲ. ಆ ನಲವತ್ತು ದಿನವೂ ಭರಮವ್ವ ಕೊಳ್ಳದ ಬಾಯಲ್ಲಿ ಟ್ಯೂಬಿನ ಮೇಲೆ ಕೂತು, ಕಲ್ಲು ಕಟ್ಟಿದ ದಾರವನ್ನು ತಳಕ್ಕೆ ಇಳಿಬಿಟ್ಟು ನೋಡುತ್ತಾಳೆ. ದಾರಕ್ಕೆ ಮೇಲೊಂದು ಕೆಳಗೊಂದು ಕೆಂಪು ಬಟ್ಟೆಯ ಚಿಂದಿ. ಪಡುವಣ ಗಾಳಿಗೆ ಮೇಲಿನ ಚಿಂದಿ ಕೊಳ್ಳದೊಳಕ್ಕೆ ಎಳೆಯಬೇಕು, ಕೆಳಗಿನದು ಹೊರಕ್ಕೆ ಎಳೆಯಬೇಕು. ಮೇಲಿನ ನೀರು ಒಳಗೆ, ತಳದ ನೀರು ಹೊರಗೆ. ಹಾಗೆ ಎಳೆಯುತ್ತಿದ್ದರೆ ಹಿಕ್ಕಿ ಹಾಲು, ನಿಂತಿತೆಂದರೆ ವಿಷ. ಇದನ್ನು ಅವಳಿಗೆ ಹೇಳಿಕೊಟ್ಟವಳು ಅವಳ ಅತ್ತೆ, ಯಾವ ಸಾಹೇಬನೂ ಅಲ್ಲ.

ಹೋದ ಬೇಸಿಗೆಯಲ್ಲಿ ಸಾವುಕಾರ ಜೇಸೀಬಿ ತಂದ. ಕೊಳ್ಳದ ಎರಡೂ ದಂಡೆಗೆ ಅವನ ಕಬ್ಬಿದೆ. "ಬುಟ್ಟಿ ಹೊತಗೊಂಡ ಗುಡ್ಡಾ ಸುತ್ತಿ ಎಷ್ಟಂತ ಅಡ್ಡಾಡ್ತಿ ಭರಮವ್ವ? ಕೊಳ್ಳದ ಬಾಯಿಗಿ ಒಡ್ಡ ಹಾಕಿ ರಸ್ತೆ ಮಾಡಿ ಕೊಡ್ತೇನಿ. ಮೂರ ದೊಡ್ಡ ಪೈಪ ಇಡಸ್ತೇನಿ, ನೀರ ಆಡತೈತಿ. ಗಟ್ಟಿ ನೆಲ ಎಲ್ಲೈತಿ, ನೀ ತೋರಸ" ಎಂದ. ಭರಮಿ ಹೋಗಿ ಭರಮವ್ವ ಆದದ್ದಕ್ಕೇ ಅವಳು ಹಿಗ್ಗಿದಳು. ನೀರಿನ ತಳದ ಹುದಲು, ಬಂಡೆ ಎಲ್ಲ ಅವಳ ಅಂಗಾಲಿಗೆ ಗೊತ್ತು. ಬರಿಗಾಲಲ್ಲಿ ನಡೆದು, ಇಲ್ಲಿ ಗಟ್ಟಿ, ಇಲ್ಲಿಂದ ಅಲ್ಲಿಗೆ ಎಂದು ಕೋಲು ನೆಟ್ಟು ತೋರಿಸಿದಳು. ತೆಂಗಿನಕಾಯಿ ಒಡೆದಳು. ಮುರುಮ ಮಣ್ಣಿನ ಮೊದಲ ಬುಟ್ಟಿ ಹೊತ್ತು ಹಾಕಿದವಳೂ ಅವಳೇ. ಅಯ್ಯೋ ಶಿವನೇ, ಕೊಳ್ಳದ ಕುತ್ತಿಗೆಯನ್ನು ಇಲ್ಲಿ ಹಿಚುಕು ಎಂದು ತೋರಿಸಿಕೊಟ್ಟಂತಾಯಿತು.

ಮಳೆಗಾಲ ಸರಿಯಾಗಿಯೇ ನಡೆಯಿತು. ದಸರೆಯ ಮುಂಚೆ ಡ್ಯಾಮಿನವರು ಕಾಲುವೆಗೆ ನೀರು ಬಿಟ್ಟರು. ಹೊರಗೆ ಹಿನ್ನೀರು ಇಳಿಯತೊಡಗಿತು. ಕೊಳ್ಳದ ನೀರೂ ಇಳಿದರೆ ತನ್ನ ಮೋಟಾರು ಏನು ಕುಡಿಯಬೇಕು ಎಂದು ಸಾವುಕಾರ ಆಳುಗಳನ್ನಿಳಿಸಿ ಮೂರೂ ಪೈಪಿನ ಒಳಬಾಯಿಗೆ ಉಸುಕಿನ ಚೀಲ ತುರುಕಿಸಿದ. ಭರಮವ್ವ ಹೋಗಿ ಕೇಳಿದಳು. "ನಾ ಕಟ್ಟಿದ ಒಡ್ಡ, ನಾ ಇಟ್ಟ ಪೈಪ" ಎಂದ. ಮೇಲಿಂದ ಅವನ ಕಬ್ಬಿನ ಯೂರಿಯಾ ತೊಳೆದು ಬರುತ್ತಿತ್ತು, ಕೆಳಗೆ ಹಿಕ್ಕಿ ಇತ್ತು, ಹೋಗಲು ದಾರಿ ಇರಲಿಲ್ಲ. ತಿಳಿಹಸಿರು ಇದ್ದದ್ದು ಕಡುಹಸಿರಾಗಿ, ಆಮೇಲೆ ಕಂದಾಯಿತು. ಶೀಗಿ ಹುಣ್ಣಿಮೆ ದಾಟಿ ಮೂರು ದಿನ ಮೋಡ ಕವಿದು ಗಾಳಿ ನಿಂತಿತು. ಮೂರನೆಯ ದಿನ ಮೂಡಣ ಕೆಂಪಾಗುವಾಗ ಭರಮವ್ವ ದಂಡೆಗೆ ಬಂದರೆ ಕೊಳ್ಳದ ತುಂಬ ಮೀನುಗಳು ಬಾಯಿ ಮೇಲೆ ಚಾಚಿ ಗುಟುಕರಿಸುತ್ತಿದ್ದವು. ಅಷ್ಟು ಬಾಯಿ ಒಮ್ಮೆಲೇ ತೆರೆದು ಮುಚ್ಚುವ ಸಪ್ಪಳವನ್ನು ಅವಳು ಎಂದೂ ಕೇಳಿರಲಿಲ್ಲ. ಬಿಸಿಲು ಏರುವಷ್ಟರಲ್ಲಿ ಸಪ್ಪಳ ನಿಂತಿತು.

ಸಾವುಕಾರ ಉಗುಳಿ ಹೋದ ಮರುದಿನ ಅತ್ತೆ ಸೊಸೆ ಪೇಟೆಯ ಮೀನುಗಾರಿಕೆ ಆಫೀಸಿನ ವರಾಂಡದಲ್ಲಿ ಹತ್ತರಿಂದ ಎರಡರವರೆಗೆ ನಿಂತರು. ಬೆಂಚು ಖಾಲಿ ಇತ್ತು. ಕೂರಲು ಹೋದ ಸುಜಾತಾಳನ್ನು ಜವಾನ ತಡೆದ.

"ಏ, ಏಳ. ಅದ ಮಂದಿಗಿ ಐತಿ."

"ಮತ್ತ ನಾವೇನ್ರಿ, ದನಾನ?"

"ನಾರಾಕತ್ತೀರಿ. ನಾಳಿ ಬ್ಯಾರೇದಾವ್ರ ಅದರ ಮ್ಯಾಲ ಕುಂಡ್ರಬೇಕ ಬ್ಯಾಡೋ?"

ಕೊನೆಗೂ ಒಳಗೆ ಕರೆದರು. ಸಾಹೇಬ ದಕ್ಷಿಣದ ಕಡೆಯವನು, ಬಂದು ಆರು ತಿಂಗಳಾಗಿತ್ತು. ಇವರು ಬಾಗಿಲು ದಾಟುವುದಕ್ಕೂ ಅವನು ಫ್ಯಾನು ಜೋರು ಮಾಡುವುದಕ್ಕೂ ಸರಿಹೋಯಿತು. ಭರಮವ್ವ ಸೆರಗಿನಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಏನಮ್ಮಾ ಅದು? ತೆಗಿ, ತೆಗಿ, ಕೆಳಗಿಡು!"

"ಸಾಹೇಬ್ರ, ಇದ ಒಡ್ಡಿನ ಹೊರಗಿನ ನೀರ್ರಿ. ಇದ ಒಳಗಿನದ್ರಿ. ಒಂದೀಟ ಮೂಸಿ ನೋಡ್ರಿ."

"ಮೂಸೋದೊಂದು ಬಾಕಿ ಇತ್ತು. ಕುರಿ ಗೊಬ್ಬರ ಸುರಿದಿದ್ದೀರ, ನೀರಲ್ಲಿ ಆಮ್ಲಜನಕ ಹೋಗಿದೆ, ಮೀನು ಸತ್ತಿವೆ. ಇದು ಸೈನ್ಸು. ನಿಂಗೆ ಅರ್ಥ ಆಗಲ್ಲ."

"ಅರ್ಥ ಆಗತೈತ್ರಿ. ನೀರಿಗಿ ಉಸಿರ ಇರಲಿಲ್ಲ, ಖರೆ ಐತ್ರಿ. ಯಾಕ ಇರಲಿಲ್ಲ ಅನ್ನೂದನ್ನ ಹೇಳಾಕ ಬಂದೇನ್ರಿ. ನಮ್ಮತ್ತಿ ಕಾಲದಿಂದ ಹಿಕ್ಕಿ ಬೀಳ್ತಾವ್ರಿ, ಒಂದ ಮರಿ ಸತ್ತಿಲ್ರಿ. ಈ ವರ್ಷ ಹೊಸಾದ ಬಂದದ್ದ ಏನ್ರಿ? ಒಡ್ಡ ಬಂತ್ರಿ. ಪೈಪಿಗಿ ಬೂಚ ಬಿತ್ರಿ. ನಿಮಗ ಹೊಟ್ಟಿ ತುಂಬ ಉಣಿಸಿ ಹಿಂದಿನ ಬಾಗಲಾ ಹೊಲದ ಬಿಟ್ರ ನೀವರ ಎಷ್ಟ ದಿನಾ ಬದಕ್ತೀರಿ?"

ಜವಾನ ನಕ್ಕುಬಿಟ್ಟ. ಸಾಹೇಬನ ಮುಖ ಕೆಂಪಾಯಿತು. "ನಾಲಿಗೆ ಬಿಗಿ ಹಿಡಿದು ಮಾತಾಡು" ಎಂದು ಒಂದು ಟೈಪು ಮಾಡಿದ ಕಾಗದ ಮುಂದಕ್ಕೆ ತಳ್ಳಿದ. ಸುಜಾತಾ ಪಿಯುಸಿ ತನಕ ಓದಿದವಳು. ಗಟ್ಟಿಯಾಗಿ ಓದಿದಳು: ಸಂಘದ ಸದಸ್ಯರು ಮಿತಿಮೀರಿ ಕುರಿಗೊಬ್ಬರ ಹಾಕಿದ ಕಾರಣ ನೀರು ಕೆಟ್ಟು ಮೀನುಗಳು ಸತ್ತಿವೆ, ಸಂಘವು ತನ್ನ ತಪ್ಪನ್ನು ಒಪ್ಪಿಕೊಂಡಿದೆ, ಕೊಳ್ಳದ ಮೇಲಿನ ಮೀನುಗಾರಿಕೆಯ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತದೆ, ಸದರಿ ಸ್ಥಳದಲ್ಲಿ ಪಂಜರ ಕಟ್ಟಿ ಮೀನು ಸಾಕಲು ಶಿವಕುಮಾರ ಇವರಿಗೆ ಅನುಮತಿ ನೀಡಲು ನಮ್ಮ ಅಡ್ಡಿ ಇಲ್ಲ.

ಅವಳು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದಳು. "ಅತ್ತಿ, ಇದರಾಗ ಒಡ್ಡ ಅನ್ನೂ ಶಬ್ದನ ಇಲ್ಲ."

"ಸಾಹೇಬ್ರ, ನೀವ ಆ ಕೊಳ್ಳಾ ಕಣ್ಲೆ ನೋಡೀರೇನ್ರಿ?"

"ವರದಿ ಇದೆಯಲ್ಲಮ್ಮಾ, ನೋಡೋದೇನು?"

"ವರದಿ ಬರದಾವ್ರ ಯಾರ್ರಿ?"

ಸಾಹೇಬ ಮೇಜಿನ ಖಾನೆ ಎಳೆದ. ಇಂಕಿನ ಡಬ್ಬಿ ತೆರೆದಿಟ್ಟ. ಭರಮವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಒತ್ತೂದಿಲ್ರಿ."

"ಒತ್ತಬೇಡ. ನಾಡಿದ್ದು ನಾನೇ ಜಾಗಕ್ಕೆ ಬರ್ತೀನಿ, ಪಂಚನಾಮೆ ಮಾಡ್ತೀನಿ, ಪೊಲೀಸ್ ಕರ್ಕೊಂಡೇ ಬರ್ತೀನಿ. ಕುರಿಯವನೇ ಗೊಬ್ಬರ ಹಾಕಿದ್ದು ನಿಜ ಅಂತ ಒಪ್ಪಿದ ಮೇಲೆ ನಿಂದು ಯಾರಿಗೆ ಬೇಕು?"

ಅವರು ಇನ್ನೂ ಹೊಸ್ತಿಲಲ್ಲಿದ್ದಾಗಲೇ ಜವಾನ ಬಾಟಲಿಗಳನ್ನು ಕಿಟಕಿಯಾಚೆ ಗಟಾರಕ್ಕೆ ಎಸೆದ. ಫಿನಾಯಿಲು ತಂದು ಅವರು ನಿಂತ ಜಾಗಕ್ಕೆ ಚಿಮುಕಿಸಿದ. ಸುಜಾತಾಳ ಹಿಮ್ಮಡಿಗೂ ಸಿಡಿಯಿತು. ಅವಳು ಗರ್ರನೆ ತಿರುಗಿದಳು. ಭರಮವ್ವ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಸುಜಾತಾ ಅಳುತ್ತಿದ್ದಳು. ದುಃಖಕ್ಕಲ್ಲ, ಸಿಟ್ಟಿಗೆ. ಭರಮವ್ವನಿಗೂ ಅಳಬೇಕಿತ್ತು, ಆದರೆ ಒಂದೇ ಸೀಟಿನಲ್ಲಿ ಇಬ್ಬರು ಅತ್ತರೆ ಮಂದಿ ನೋಡುತ್ತಾರೆಂದು ಕಿಟಕಿಯಾಚೆ ನೋಡುತ್ತ ಕೂತಳು.

ಸಂಜೆಗೆ ಮಾಲಿಂಗಪ್ಪ ಬಂದ. ಹಿಂಡನ್ನು ಘೋಡಗೇರಿ ಬಾಜೂ ಒಂದು ಹೊಲದಲ್ಲಿ ತರುಬಿಸಿ, ಅಲ್ಲಿಂದ ಸಿಕ್ಕ ಗಾಡಿ ಹತ್ತಿ ಬಂದಿದ್ದ. ಕಂಬಳಿಯನ್ನು ತಲೆಯ ಮೇಲಿಂದ ತೆಗೆಯದೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ಕೊಟ್ಟ ಚಹಾ ಆರಿಹೋಯಿತು.

"ತಂಗಿ, ಪೊಲೀಸ ಬಂದಿದ್ದ."

"ಏನಂದ?"

"ಹಿಕ್ಕಿ ನಾನ ಹಾಕಿಸೇನಂತ ಹೆಬ್ಬಟ್ಟ ಒತ್ತಬೇಕಂತ. ಇಲ್ಲಂದ್ರ ಹಿಂಡ ಪೂರಾ ಸರಕಾರಿ ಕೊಂಡವಾಡದ ದೊಡ್ಡಿಗಿ ಹೊಡೀತಾನಂತ. ನಾಕ ದಿನಾ ಮೇವಿಲ್ದ ಅದರಾಗ ನಿಂತ್ರ ಒಂದೂ ಉಳಿಯೂದಿಲ್ಲ."

"ಮತ್ತ ನೀ ಏನಂದಿ?"

ಅವನು ನೆಲ ನೋಡಿದ. ಅಷ್ಟು ಸಾಕಾಯಿತು. ಭರಮವ್ವ ಎದ್ದು ನಿಂತಳು.

"ನಿನ್ನ ಟಗರಿನ ಕಾಲ ತೊಳದೇನೋ ಮಾಲಿಂಗಣ್ಣಾ ಇಷ್ಟ ವರ್ಷ! ನಿನ್ನ ಬಿಡಾರಕ್ಕ ಮೊದಲ ಬುಟ್ಟಿ ಕಳಸಿ ಆಮ್ಯಾಲ ನನ್ನ ಮಗನ ತಾಟಿಗಿ ಹಾಕೇನಿ. ನೀ ಒತ್ತಿದ್ರ ಇಪ್ಪತ್ತೆರಡ ಮನಿ ಹೋಗತಾವ, ತಿಳಿತೇನ? ಥೂ, ನಿನ್ನ ಕಂಬಳಿಗಿ ಬೆಂಕಿ ಬೀಳ್ಲಿ!"

"ಬೈ. ಬೈಯವಾ. ಬೈಸಿಕೊಳ್ಳಾಕನ ಬಂದೇನಿ." ಅವನು ಕಂಬಳಿಯನ್ನು ಮುಂದಕ್ಕೆ ಎಳೆದುಕೊಂಡ. "ನೂರಾ ಎಂಬತ್ತ ಜೀವ ಅದಾವ. ಅವಕ್ಕ ಹೆಬ್ಬಟ್ಟಿಲ್ಲ ತಂಗಿ. ನನಗ ಐತಿ."

ಅವನು ಹೋದ ಮೇಲೆ ಭರಮವ್ವ ಆರಿದ ಚಹಾವನ್ನು ಅಂಗಳಕ್ಕೆ ಚೆಲ್ಲಿದಳು. ಬೈದದ್ದಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ಬೈಯಬೇಕಾದವನು ಇವನಲ್ಲ ಎಂಬುದು ಬೈಯುವಾಗಲೂ ಗೊತ್ತಿತ್ತು.

ಪಂಚನಾಮೆಯ ದಿನ ಒಡ್ಡಿನ ಮೇಲೆ ಪೆಂಡಾಲು ಬಿತ್ತು. ಸಾಹೇಬನಿಗೆ ಕುರ್ಚಿ, ಸಾವುಕಾರನಿಗೆ ಕುರ್ಚಿ, ನಡುವೆ ಮೇಜು, ಮೇಜಿನ ಮೇಲೆ ಎಳನೀರು. ಪೊಲೀಸಪ್ಪ ಒಬ್ಬ ಲಾಠಿ ಊರಿಕೊಂಡು ನಿಂತಿದ್ದ. ಇಪ್ಪತ್ತೆರಡು ಮನೆಯವರನ್ನು ಒಡ್ಡಿನ ಇಳಿಜಾರಿನಲ್ಲಿ, ಬಿಸಿಲಿಗೆ, ಕೊಳ್ಳದ ನೀರಿನ ಕಡೆ ನಿಲ್ಲಿಸಿದರು. ಬಲಕ್ಕೆ ಹಿನ್ನೀರು ಎರಡು ಮೊಳ ಕೆಳಗಿಳಿದು ಗಾಳಿಗೆ ಅಲೆಯಾಡುತ್ತಿತ್ತು. ಎಡಕ್ಕೆ ಕೊಳ್ಳ ಮೇಲ್ಮಟ್ಟಕ್ಕೆ ನಿಂತು ಕೊಳೆಯುತ್ತಿತ್ತು. ಎರಡರ ನಡುವೆ ಕೂತ ಸಾಹೇಬ ಯಾವ ಕಡೆಗೂ ನೋಡದೆ ಎಳನೀರು ಹೀರಿದ.

ಮೊದಲು ಮಾಲಿಂಗಪ್ಪನನ್ನು ಕರೆದರು. ಅವನು ಬಂದ, ಒತ್ತಿದ, ಒತ್ತಿದ ಬೆರಳನ್ನು ಕಂಬಳಿಗೆ ಉಜ್ಜುತ್ತ ಉಜ್ಜುತ್ತ ಹಿಂದೆ ಸರಿದು ನಿಂತ. ಯಾರ ಮುಖವನ್ನೂ ನೋಡಲಿಲ್ಲ.

"ಮುಂದಿನಾವ್ರ. ಭರಮಿ, ಬಾ" ಎಂದ ಸಾವುಕಾರ.

ಭರಮವ್ವ ಮೇಜಿನ ಹತ್ತಿರ ಹೋದಳು. ಕೈ ಬೆನ್ನ ಹಿಂದೆಯೇ ಇತ್ತು.

"ಸಾಹೇಬ್ರ, ಬಂದೀರಿ, ಚಲೋ ಆತ್ರಿ. ಎಡಕ್ಕ ಒಮ್ಮಿ ನೋಡ್ರಿ, ಬಲಕ್ಕ ಒಮ್ಮಿ ನೋಡ್ರಿ. ಆಮ್ಯಾಲ ನೀವ ಹೇಳಿದಲ್ಲಿ ಒತ್ತತೇನಿ."

"ಭಾಷಣ ಬೇಡಮ್ಮಾ."

"ನೋಡ್ರಿ ಅಂದೇನ್ರಿ, ಭಾಷಣಾ ಮಾಡಿಲ್ಲ."

ಸಾವುಕಾರ ಕುರ್ಚಿ ಹಿಂದಕ್ಕೆ ಒದ್ದು ಎದ್ದ. "ಏನ್ಲೇ ರಂಡಿ, ಗಂಡ ಸತ್ತಾಗಿಂದ ಬಾಯಿ ಭಾಳ ಬೆಳಸೀದಿ! ನಿಮ್ಮ ಜಾತಿಗಿ ಇಲ್ಲೆ ನಿಲ್ಲಾಕ ಜಾಗಾ ಕೊಟ್ಟದ್ದ ಹೆಚ್ಚಾತ!" ಅವಳ ಬಲಗೈಯನ್ನು ಬೆನ್ನ ಹಿಂದಿನಿಂದ ಎಳೆದು, ಮಣಿಕಟ್ಟು ತಿರುವಿ, ಹೆಬ್ಬೆರಳನ್ನು ಇಂಕಿನ ಮೆತ್ತೆಗೆ ಅದುಮಿದ. ಮೂಳೆ ಲಟಕ್ಕೆಂದಿತು. ಸಾಹೇಬ ಕಾಗದವನ್ನು ಹತ್ತಿರ ಸರಿಸಿಕೊಟ್ಟ, ಎರಡೂ ಕೈಯಿಂದ, ಚಾಪೆ ಹಾಸಿದಷ್ಟು ಜೋಪಾನವಾಗಿ. ಪೊಲೀಸಪ್ಪ ಬೇರೆ ಕಡೆ ನೋಡುತ್ತಿದ್ದ.

ಕಾಗದಕ್ಕೆ ಇನ್ನು ಗೇಣು ಉಳಿದಿತ್ತು. ಭರಮವ್ವ ಬಗ್ಗಿ ಸಾವುಕಾರನ ಮುಂಗೈಯನ್ನು ಕಚ್ಚಿದಳು. ಅವನು "ಯವ್ವೋ!" ಎಂದು ಕೈ ಬಿಟ್ಟ. ಕಪ್ಪಾದ ಹೆಬ್ಬೆರಳನ್ನು ಅವನ ಬಿಳಿ ಅಂಗಿಯ ಎದೆಗೇ ಒರೆಸಿ ಅವಳು ಇಳಿಜಾರಿಗೆ ಇಳಿದಳು.

"ಹಿಡೀರಿ ಅಕಿನ್ನ!"

ಹಿಡಿಯುವಷ್ಟರಲ್ಲಿ ಅವಳು ಸೊಂಟಮಟ್ಟ ನೀರಿನಲ್ಲಿದ್ದಳು. ಸತ್ತ ಮೀನುಗಳನ್ನು ಕೈಯಿಂದ ಅತ್ತಿತ್ತ ಸರಿಸಿ, ಸೊಂಟದಲ್ಲಿದ್ದ ಬಲೆ ಕೊಯ್ಯುವ ಚೂರಿ ಹಿರಿದು, ಬಾಯಲ್ಲಿ ಕಚ್ಚಿ, ಒಮ್ಮೆ ಉಸಿರು ತುಂಬಿಕೊಂಡು ಮುಳುಗಿದಳು.

ಒಳಗೆ ಕಣ್ಣು ಬಿಟ್ಟರೂ ಕತ್ತಲೆ. ಬಾಯಿಗೆ, ಮೂಗಿಗೆ ಕೊಳೆತದ್ದರ ರುಚಿ. ಕಣ್ಣು ಬೇಕಾಗಿರಲಿಲ್ಲ. ಪೈಪು ಎಲ್ಲಿದೆ ಎಂದು ಅವಳ ಕಾಲಿಗೆ ಗೊತ್ತಿತ್ತು. ಚೀಲಗಳು ಪೈಪಿನೊಳಕ್ಕೆ ಬಿಗಿದು ಕೂತಿದ್ದವು, ಎಳೆದರೆ ಬರುವಂಥವಲ್ಲ. ಅವಳು ಪೈಪಿನ ಬಾಯಿಗೆ ಅಡ್ಡ ನಿಲ್ಲದೆ, ಪಕ್ಕಕ್ಕೆ ಆತು, ಚೂರಿಯಿಂದ ಚೀಲದ ಹೊಟ್ಟೆ ಉದ್ದಕ್ಕೂ ಸೀಳಿದಳು. ಉಸುಕು ಸೋರಿತು. ಇನ್ನೊಂದು ಸೀಳಿದಳು. ಮೂರನೆಯ ಚೀಲ ಸೀಳುವಷ್ಟರಲ್ಲಿ ಸೆರಗು ಪೈಪಿನೊಳಕ್ಕೆ ಸರ್ರನೆ ಹೋಯಿತು. ನೀರು ಎಳೆಯತೊಡಗಿತ್ತು. ಅವಳು ಸೆರಗನ್ನೂ ಕೊಯ್ದು ಬಿಟ್ಟು ಮೇಲೆ ಬಂದಳು.

ಒಡ್ಡಿನ ಆಚೆ ಬದಿಯಲ್ಲಿ ಪೈಪಿನ ಬಾಯಿ ಗೊರಕೆ ಹೊಡೆಯಿತು. ಉಸುಕು, ಕಪ್ಪು ರಾಡಿ, ಸತ್ತ ಮೀನು, ಕೊಳೆತ ಸೊಪ್ಪು ಎಲ್ಲ ಕೂಡಿ ಹಿನ್ನೀರಿಗೆ ದಬದಬ ಬೀಳತೊಡಗಿತು. ನಾತಕ್ಕೆ ಸಾಹೇಬ ಕುರ್ಚಿ ಬಿಟ್ಟು ಓಡಿದ.

"ಇಳಿಯೋ, ಇಳದ ಹಿಡಕೊಂಡ ಬಾ!" ಸಾವುಕಾರ ಪೊಲೀಸಪ್ಪನನ್ನು ತಳ್ಳಿದ.

"ನನಗ ಈಸ ಬರೂದಿಲ್ರೀ!"

"ನೀ ಇಳಿಯೋ ಮಾಲಿಂಗ್ಯಾ!"

ಮಾಲಿಂಗಪ್ಪ ಕಂಬಳಿ ಕೆಳಗೆ ಹಾಕಿದ. ಎಲ್ಲರೂ ಅವನು ಇಳಿಯುತ್ತಾನೆಂದೇ ತಿಳಿದರು. ಅವನು ಕಂಬಳಿಯ ಮೇಲೆ ಕೂತುಬಿಟ್ಟ. ಸಾವುಕಾರ ಅವನ ಬೆನ್ನಿಗೆ ಒದ್ದ. ಅವನು ಅಲುಗಲಿಲ್ಲ.

ಸಾವುಕಾರ ತಾನೇ ಇಳಿಜಾರಿಗೆ ಎರಡು ಹೆಜ್ಜೆ ಇಟ್ಟ. ನೀರಿಗೆ ಬೂಟು ತಾಗಿದ್ದೇ ಹೇಸಿ ಹಿಂದೆ ಹಾರಿದ. ಹತ್ತು ವರ್ಷ ಆ ನೀರು ಕುಡಿಸಿ ಕಬ್ಬು ಬೆಳೆದವನಿಗೆ ಅದರಲ್ಲಿ ಮೊಣಕಾಲುಮಟ್ಟ ನಿಲ್ಲಲು ಬರಲಿಲ್ಲ. ದಂಡೆಯಿಂದ ಕಲ್ಲು ಹೆಕ್ಕಿ ಎಸೆಯತೊಡಗಿದ. ಒಂದು ಭರಮವ್ವನ ಕಿವಿಯ ಮೇಲೆ ಬಿತ್ತು. ರಕ್ತ ಕುತ್ತಿಗೆಗೆ ಇಳಿಯಿತು. ಅವಳು ಕೈಯಿಂದ ಒರೆಸಿ, ಮತ್ತೆ ಮುಳುಗಿದಳು.

ಸುಜಾತಾ ನೀರಿಗೆ ಓಡಿದಳು. ಅವಳ ಹಿಂದೆ ಅಕ್ಕವ್ವ, ಅವಳ ಹಿಂದೆ ಮಾಯವ್ವ, ಆಮೇಲೆ ಗಂಡಸರು. ಅವರೆಲ್ಲ ಹೋಗಿ ಭರಮವ್ವ ಮುಳುಗಿದ ಜಾಗಕ್ಕೂ ಸಾವುಕಾರನಿಗೂ ನಡುವೆ ಎದೆಮಟ್ಟ ನೀರಿನಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಂತರು. ಕಲ್ಲುಗಳು ಈಗ ಅವರ ಮೇಲೆ ಬೀಳುತ್ತಿದ್ದವು. "ಹಾಕೋ, ಹಾಕ! ನಿಮ್ಮೌನ್, ಎಷ್ಟ ಕಲ್ಲ ಅದಾವ ನಿನ್ನ ಕಡೆ ನೋಡೇ ಬಿಡೂನು!" ಎಂದು ಅಕ್ಕವ್ವ ಚೀರಿದಳು.

ಎರಡನೆಯ ಪೈಪು ಬಾಯಿ ಬಿಟ್ಟಿತು. ಈ ಸಲ ಭರಮವ್ವ ಮೇಲೆ ಬರುವುದು ತಡವಾಯಿತು. ಸುಜಾತಾ "ಅತ್ತೀ!" ಎಂದು ಅರಚಿ ನೀರಿನೊಳಗೆ ಕೈ ಆಡಿಸಿದಳು. ಕೂದಲು ಕೈಗೆ ಸಿಕ್ಕಿತು, ಎಳೆದಳು. ಭರಮವ್ವ ಮೇಲೆ ಬಂದು ಕೆಮ್ಮಿದಳು, ಕರಿಯ ನೀರು ವಾಂತಿ ಮಾಡಿದಳು. ಸೀರೆ ಮುಕ್ಕಾಲು ಪೈಪಿನ ಪಾಲಾಗಿ ಮೈಮೇಲೆ ರವಿಕೆ, ಒಳಲಂಗ ಉಳಿದಿದ್ದವು. ಕಣ್ಣು ಕೆಂಡವಾಗಿದ್ದವು. ಅವಳ ಸುತ್ತ ನೀರು ನಿಧಾನವಾಗಿ, ಸತ್ತ ಮೀನುಗಳನ್ನು ತಳ್ಳಿಕೊಂಡು, ಒಡ್ಡಿನ ಕಡೆ ಸರಿಯತೊಡಗಿತ್ತು.

ಸಾಹೇಬ ದೂರದಲ್ಲಿ, ಜೀಪಿನ ಬಾಗಿಲಿನ ಮರೆಯಲ್ಲಿ ನಿಂತು ಕೂಗಿದ. "ಸರ್ಕಾರಿ ಕೆಲಸಕ್ಕೆ ಅಡ್ಡಿ! ಎಲ್ಲಾ ಕೇಸಲ್ಲಿ ಹಾಕ್ತೀನಿ! ರೀ, ಬರ್ಕೊಳ್ಳಿ ಅವಳ ಹೆಸರು! ಪೂರ್ತಿ ಹೆಸರು ಕೇಳಿ ಬರ್ಕೊಳ್ಳಿ!"

ಪೊಲೀಸಪ್ಪ ನೋಟಬುಕ್ಕು ತೆಗೆದು ನೀರಿನ ಅಂಚಿಗೆ ಬಂದ. "ಹೆಸರ ಹೇಳವಾ" ಎಂದ, ಮೆಲ್ಲಗೆ.

ಭರಮವ್ವ ಮುಖದ ಮೇಲಿನ ರಾಡಿ ಒರೆಸಿಕೊಂಡಳು. ಮೂವತ್ತು ವರ್ಷ ಸಂಸಾರ ಮಾಡಿ, ಎಂಟು ವರ್ಷ ವಿಧವೆಯಾಗಿದ್ದರೂ ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ, ರೇಷನ್ ಅಂಗಡಿಯಲ್ಲೂ ಪಕ್ಕದವರೇ ಹೇಳುತ್ತಿದ್ದರು. ಈಗ ಎರಡೂ ದಂಡೆಗೆ ಕೇಳುವಂತೆ ಹೇಳಿದಳು.

"ಬರಕೋ. ಭರಮವ್ವ. ಗಂಡ ಸಿದ್ದಪ್ಪ ಅಂಬಿಗೇರ. ವಯಸ್ಸ ಐವತ್ತೆರಡ. ಎರಡ ಪೈಪ ತಗದಾಳಂತ ಬರಿ."

ಅವನು ಬರೆಯುತ್ತಿದ್ದ. ಅವಳು ಚೂರಿಯನ್ನು ಮತ್ತೆ ಹಲ್ಲಿಗೆ ಕಚ್ಚಲು ಹೋಗಿ ತಡೆದಳು.

"ತಡಿ, ಹೊಡದ ಹಾಕ ಅದನ್ನ. ಮೂರ ಅಂತ ಬರಿ" ಎಂದು ಮುಳುಗಿದಳು.